ತೋಪಿನ ಮನೆಅಳಿಯಂದಿರು

ನಮ್ಮಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಆ ಮರಗಳು ಇವತ್ತಿಗೂ ಇರುತ್ತಿದ್ದವೋ ಏನೋ. ಕೆಟ್ಟವರು ಮಾಡಿದ್ದು ಬೇಗ ಎಲ್ಲರ ಕಣ್ಣಿಗೆ ಬೀಳುತ್ತದೆ, ಯಾರಾದರೂ ಅಡ್ಡ ಬರುತ್ತಾರೆ. ಅಕ್ಕರೆಯಿಂದ ಮಾಡಿದ್ದಕ್ಕೆ ಅಡ್ಡ ಹೋಗುವವರು ಯಾರು? ನಾನು ಹೋದೆ. ಹೋಗಿ ಮನೆಯವರ ಬಾಯಲ್ಲಿ ಕೆಟ್ಟವಳಾದೆ. ಅದಕ್ಕೆ ನನಗೆ ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ.

ಅಣ್ಣ ಅರಣ್ಯ ಇಲಾಖೆಯಲ್ಲಿ ಫಾರೆಸ್ಟರ್ ಆಗಿದ್ದ. ನಾನು ಅವನ ಊರಿನಿಂದ ಅರ್ಧ ದಿನದ ಬಸ್ಸಿನ ದೂರದಲ್ಲಿ, ನಗರದ ಬೀಜ ಪರೀಕ್ಷಾಲಯದಲ್ಲಿದ್ದೇನೆ. ಕಾಡುಮರಗಳ ಬೀಜ ನಮ್ಮಲ್ಲಿಗೆ ಬರುತ್ತದೆ. ತೂಗಿ, ಒದ್ದೆ ಕಾಗದದ ಮೇಲೆ ಹರಡಿ, ಎಷ್ಟು ಮೊಳೆಯುತ್ತದೆ ಎಂದು ನೋಡಿ, ಬೇಕಾದವರಿಗೆ ಹಂಚುತ್ತೇವೆ. ಮದುವೆ ಗಿದುವೆ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತಿಗೆ ನನ್ನನ್ನು ‘ಮೊಳಕೆ ಡಾಕ್ಟ್ರಮ್ಮ’ ಎನ್ನುತ್ತಾರೆ, ಎದುರಿಗೇ. ಮನಸ್ಸು ಸರಿಯಿಲ್ಲದ ದಿನ ಇನ್ನೂ ಏನೇನೋ ಎನ್ನುತ್ತಾರೆ.

ಅಣ್ಣನ ಊರಿನ ಹೊರಗೆ ಒಂದು ಕಲ್ಲುಗುಡ್ಡ, ಅದರ ಬೆನ್ನಿನ ಮೇಲೆ ಒಂದು ತೋಪು. ಆ ಜಾತಿಯ ಮರದ ನಿಜವಾದ ಮನೆ ಇರುವುದು ದೂರದ ಮಳೆಗುಡ್ಡಗಳಲ್ಲಿ. ಅಲ್ಲಿ ಅವು ಲಕ್ಷಗಟ್ಟಲೆ ನಿಂತಿವೆ, ಕಂಬದಂತೆ ನೆಟ್ಟಗೆ. ಮಳೆ ಕಮ್ಮಿಯಾಗುತ್ತಾ ಬಂದ ಹಾಗೆ ಮರಗಳೂ ವಿರಳವಾಗುತ್ತಾ ಬಂದು, ನಮ್ಮ ಗುಡ್ಡದ ಮೇಲೆ ಒಂದು ಹಿಡಿಯಷ್ಟು ಉಳಿದು, ಅಲ್ಲಿಗೆ ಮುಗಿಯುತ್ತವೆ. ಗುಡ್ಡದ ಆಚೆ ಎಲ್ಲಿ ಹುಡುಕಿದರೂ ಒಂದೂ ಇಲ್ಲ. ಊರವರು ಅದನ್ನು ಕೊನೆತೋಪು ಎನ್ನುತ್ತಿದ್ದರು. ಅಲ್ಲಿಯ ಮರಗಳು ಗಿಡ್ಡ, ಸೊಟ್ಟ, ಸೊಂಟ ಹಿಡಿದುಕೊಂಡ ಮುದುಕರ ಹಾಗೆ. ಬಡಗಿಯೊಬ್ಬ ತಿರುಗಿ ನೋಡುವಂಥ ಮರ ಅಲ್ಲಿ ಇರಲಿಲ್ಲ.

ಆದರೆ ಆ ಮುದುಕರಿಗೆ ನೀರಿಲ್ಲದೆ ಬದುಕುವ ವಿದ್ಯೆ ಗೊತ್ತಿತ್ತು. ಬೇಸಿಗೆ ಕಾಲಿಟ್ಟ ಕೂಡಲೇ ಎಲೆಯೆಲ್ಲ ಉದುರಿಸಿ ಸತ್ತಂತೆ ನಿಂತುಬಿಡುತ್ತಿದ್ದವು. ಅವುಗಳ ಸಸಿಗಳು ಮೊದಲು ಬಂಡೆಯ ಬಿರುಕಿನೊಳಗೆ ಬೇರು ಇಳಿಸುತ್ತಿದ್ದವು, ಮೇಲಕ್ಕೆ ವರ್ಷಕ್ಕೆ ನಾಲ್ಕು ಬೆರಳು ಎದ್ದರೆ ಹೆಚ್ಚು. ಮಳೆಗುಡ್ಡದ ನೆಂಟರಿಗೆ ಈ ವಿದ್ಯೆ ಇಲ್ಲ. ಬೇಸಿಗೆ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ನಾಳೆ ಆ ಮಳೆಗುಡ್ಡಗಳೂ ನಮ್ಮ ಕಲ್ಲುಗುಡ್ಡದ ಹಾಗೆ ಕಾಯತೊಡಗಿದರೆ, ಅಲ್ಲಿಯ ಕಾಡನ್ನು ಮತ್ತೆ ಎಬ್ಬಿಸಲು ಈ ಸೊಟ್ಟ ಮುದುಕರ ಬೀಜವೇ ಬೇಕು. ಕೂಡಿಡೋಣವೆಂದರೆ ಆ ಬೀಜ ತಿಂಗಳು ಬಾಳುವುದಿಲ್ಲ, ಎಂಥ ತಣ್ಣನೆ ಕೋಣೆಯಲ್ಲಿಟ್ಟರೂ ಸಾಯುತ್ತದೆ. ಅದೂ ತೋಪು ತುಂಬ ಫಲ ಕಚ್ಚುವುದು ನಾಲ್ಕೈದು ವರ್ಷಕ್ಕೊಮ್ಮೆ. ಹಾಗೆ ಕಚ್ಚಿದಾಗೆಲ್ಲ ನಾನು ದೊಡ್ಡ ದೊಡ್ಡ ನರ್ಸರಿಗಳಿಗೆ ಕಳಿಸಿದ್ದೇನೆ. ಅಲ್ಲಿಯವರು ಬೆಳೆಸಿ, ಗಿಡ್ಡ ಸಸಿ ಯಾರಿಗೆ ಬೇಕು ಎಂದು ತಿಪ್ಪೆಗೆ ಎಸೆದಿದ್ದಾರೆ. ಹಾಗಾಗಿ ತೋಪು ಇದ್ದರೆ ಬೀಜ, ಇಲ್ಲದಿದ್ದರೆ ಇಲ್ಲ.

ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಕಲ್ಲಿನ ಕ್ವಾರಿ. ವರ್ಷ ವರ್ಷ ಅದು ಮೇಲೇರಿ ಬರುತ್ತಿತ್ತು. ತೋಪನ್ನು ಉಳಿಸಬೇಕೆಂದರೆ ಸರ್ಕಾರದ ರಕ್ಷಿತ ತೋಪುಗಳ ಪಟ್ಟಿಗೆ ಸೇರಿಸಬೇಕು. ಅಣ್ಣ ಓಡಾಡಿದ, ನಾನು ಬರೆದೆ, ಕೊನೆಗೂ ಒಂದು ಸಮಿತಿ ಬಂತು. ಸಮಿತಿಯ ಹಿರಿಯರು ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಾ, ‘ತುಂಬಾ ಅಪರೂಪದ ತೋಪು’ ಎಂದು ಹೊಗಳಿದರು. ಆಮೇಲೆ ನಿಯಮ ಹೇಳಿದರು. ಆಳೆತ್ತರ ಮೀರಿದ ಮರ ಐವತ್ತಾದರೂ ಇರಬೇಕು. ನಮ್ಮಲ್ಲಿ ಇದ್ದದ್ದು ಮೂವತ್ತೆಂಟು. ಅಳಿವಿನಂಚಿನಲ್ಲಿದೆ, ಕಾಪಾಡಿ ಅಂದರೆ, ಮೊದಲು ಹೆಚ್ಚಾಗಿ ಬನ್ನಿ ಅಂದರು. ಇಂಥ ನಿಯಮ ಮಾಡಿದವರ ತಲೆಯನ್ನು ನಮ್ಮ ಪರೀಕ್ಷಾಲಯಕ್ಕೆ ಕಳಿಸಬೇಕು, ಮೊಳಕೆ ಬರುತ್ತದೋ ನೋಡೋಣ.

ಐದಾರು ವರ್ಷ ಕಳೆದ ಮೇಲೆ ಒಂದು ದಿನ ಅಣ್ಣ ಫೋನ್ ಮಾಡಿ ಕುಣಿದಾಡಿಬಿಟ್ಟ. ‘ಪುಟ್ಟೀ, ಪಟ್ಟಿಗೆ ಸೇರಿಸಿದ್ರು! ಬೋರ್ಡು ಹಾಕಿದಾರೆ, ಬೇಲಿ ಬರುತ್ತಂತೆ.’ ಐವತ್ತು ಎಲ್ಲಿಂದ ಬಂತು ಎಂದೆ. ‘ಬಂಡೆ ಹಿಂದೆ ಇದ್ವು ಕಣೇ, ಆಗ ಸರಿಯಾಗಿ ನೋಡಿರ್ಲಿಲ್ಲ’ ಎಂದ. ನಾನು ನಂಬಿದೆ. ಒಳ್ಳೆ ಸುದ್ದಿಯನ್ನು ಯಾರು ಕೆದಕುತ್ತಾರೆ?

ಅಷ್ಟು ವರ್ಷ ಬೀಜವನ್ನು ಅಣ್ಣನೇ ಕಳಿಸುತ್ತಿದ್ದ, ನಾನು ಗುಡ್ಡ ಹತ್ತಿರಲಿಲ್ಲ. ಮುಂದಿನ ಸಲ ಮೊಗ್ಗು ಬಿಡುವ ಕಾಲಕ್ಕೆ ಹೋದೆ. ಅಣ್ಣ, ಅತ್ತಿಗೆ ಇಬ್ಬರೂ ಜೊತೆಗೆ ಬಂದರು. ಬೋರ್ಡು ತೋರಿಸಿದ, ಬೇಲಿ ತೋರಿಸಿದ. ಬೇಲಿ ದಾಟಿದರೆ ನನ್ನ ಮುದುಕರ ನಡುವೆ ಅಲ್ಲಲ್ಲಿ ಯಾರೋ ಹೊಸಬರು ನಿಂತಿದ್ದರು. ನೆಟ್ಟಗೆ, ದಪ್ಪಗೆ, ಎಣ್ಣೆ ಹಚ್ಚಿದಂಥ ಎಲೆ. ಕೊಂಬೆಯ ತುದಿತುದಿಯಲ್ಲೂ ಮೊಗ್ಗಿನ ಗೊಂಚಲು.

‘ಇವರ್ಯಾರು?’ ಎಂದೆ.

ಅಣ್ಣ ನಾಚಿಕೊಂಡ. ‘ದೊಡ್ಡ ಕಾಡಿನ ನರ್ಸರಿಯಿಂದ ತಂದಿದ್ದೆ, ಸಮಿತಿ ಬಂದು ಹೋದ ವರ್ಷವೇ. ಹದಿನಾಲ್ಕು ಸಸಿ. ಒಂದೂ ಸಾಯೋಕೆ ಬಿಡ್ಲಿಲ್ಲ ನೋಡು. ಎಲ್ಲಾ ಬೇಸಿಗೇಲೂ ಹೆಗಲ ಮೇಲೆ ಕೊಡ ಹೊತ್ತಿದೀನಿ.’

‘ಹೊತ್ತಿದಾರೆ’ ಎಂದರು ಅತ್ತಿಗೆ. ‘ಮನೆಗೆ ಒಂದು ಕೊಡ ತನ್ನಿ ಅಂದ್ರೆ ಸೊಂಟ ನೋವು. ಈ ಮನೆಅಳಿಯಂದಿರಿಗೆ ಮಾತ್ರ ಗುಡ್ಡ ಹತ್ತಿ ಉಪಚಾರ.’

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ಹಿರಿಯ ಅಣ್ಣ ಎಂದೂ ನೋಡಲಿಲ್ಲ. ಅವನು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನಿಂತಿದ್ದ.

‘ಒಂದೇ ಜಾತಿ ಮರ ತಾನೇ ಪುಟ್ಟಿ? ಹಲಸು ತಂದು ನೆಟ್ಟಿಲ್ವಲ್ಲ.’

‘ಹಲಸು ನೆಟ್ಟಿದ್ರೆ ನಾನು ಸುಮ್ನಿರ್ತಿದ್ದೆ! ಹಲಸಿನ ಪರಾಗ ಇವುಗಳ ಹೂವಿಗೆ ಕೂಡಲ್ಲ. ಇವು ಒಂದೇ ಜಾತಿ ಆಗಿರೋದ್ರಿಂದ್ಲೇ ತೊಂದರೆ. ಒಂದೊಂದು ನಮ್ಮ ಹತ್ತು ಮರದಷ್ಟು ಹೂ ಬಿಡುತ್ತೆ. ಜೇನುನೊಣ ಎಲ್ಲಿಗೆ ಹೋಗುತ್ತೆ ಹೇಳು. ಇನ್ಮೇಲೆ ಈ ತೋಪಲ್ಲಿ ಕಚ್ಚೋ ಬೀಜದಲ್ಲಿ ಅರ್ಧ ಇವುಗಳದ್ದೇ. ನೋಡೋಕೆ ದಷ್ಟಪುಷ್ಟವಾಗಿ ಏಳ್ತವೆ, ಗಟ್ಟಿ ಬೇಸಿಗೆ ಒಂದು ಬಂದ್ರೆ ಮಲಗ್ತವೆ. ಎರಡು ತಲೆಮಾರಲ್ಲಿ ನಮ್ಮವು ಅನ್ನೋದೇ ಇರಲ್ಲ ಅಣ್ಣ. ನೀನು ಬೇಲಿ ಹಾಕಿಸಿ ಕಳ್ಳರನ್ನ ಒಳಗೆ ಇಟ್ಟಿದೀಯ.’

ಅವನು ಬಂಡೆಯ ಮೇಲೆ ಕುಸಿದು ಕೂತ. ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಅವನಿಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ ಇದು, ಆದರೆ ಅವನ ಇಡೀ ನೌಕರಿ ಸಸಿ ನೆಡುವುದು, ನೀರು ಹಾಕುವುದು, ಬದುಕಿದ್ದನ್ನು ಎಣಿಸುವುದು. ಬದುಕಿದ ಮರವೊಂದು ತಪ್ಪು ಮರವಾಗಿರಬಹುದು ಎಂದು ಅವನ ಕೈಕಾಲು ಯಾವತ್ತೂ ಒಪ್ಪಿರಲಿಲ್ಲ.

‘ಕಡಿದುಬಿಡ್ಲಾ?’ ಎಂದ ಕೊನೆಗೆ.

ಕಡಿದರೆ ಮತ್ತೆ ಮೂವತ್ತೆಂಟು. ಪಟ್ಟಿಯಿಂದ ಹೆಸರು ಹೋಗುತ್ತದೆ. ಗುಡ್ಡದ ಆಚೆಯಿಂದ ಕಲ್ಲು ಒಡೆಯುವ ಯಂತ್ರದ ಗರಗರ ಕೇಳುತ್ತಲೇ ಇತ್ತು. ನಾನೂ ತಲೆ ಮೇಲೆ ಕೈ ಹೊತ್ತು ಅವನ ಪಕ್ಕದಲ್ಲಿ ಕೂತೆ. ದಾರಿ ಹೇಳಿದ್ದು ಅತ್ತಿಗೆ.

‘ಅಳಿಯಂದಿರು ಮನೇಲಿರ್ಲಿ ಬಿಡಿ, ತಲೆ ಎಣಿಸೋಕೆ. ಕೋಣೆಗೆ ಮಾತ್ರ ಬಿಡ್ಬೇಡಿ. ಮೊಗ್ಗು ಅರಳೋಕೆ ಮುಂಚೆ ತರಿದು ಹಾಕಿದ್ರಾಯ್ತು.’

ನಾನು ನಗಬಾರದೆಂದುಕೊಂಡಿದ್ದೆ, ಆದರೂ ನಗು ಬಂತು. ಅಣ್ಣನೂ ನಕ್ಕ. ಆ ಸಂಜೆಯೇ ಅವನು ಮೊದಲ ಮರ ಹತ್ತಿದ.

ಹಾಗೆ ಶುರುವಾಯಿತು ನಮ್ಮ ಮೂವರ ಗುಟ್ಟಿನ ಕಸುಬು. ಮೊಗ್ಗಿನ ಕಾಲಕ್ಕೆ ನಾನು ರಜೆ ಹಾಕಿ ಬರುತ್ತಿದ್ದೆ. ಅಣ್ಣ ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ಬಾಯಲ್ಲಿ ಕುಡುಗೋಲು ಕಚ್ಚಿಕೊಂಡು ಹತ್ತುತ್ತಿದ್ದ. ಅತ್ತಿಗೆ ಕೆಳಗೆ ಹಳೆ ದುಪ್ಪಟಿ ಹಾಸಿ, ಬಿದ್ದ ಮೊಗ್ಗನ್ನೆಲ್ಲ ಗಂಟು ಕಟ್ಟುತ್ತಿದ್ದರು. ನಾನು ತುದಿಗೆ ಕೊಕ್ಕೆ ಕಟ್ಟಿದ ದೋಟಿಯಿಂದ ಪಕ್ಕದ ಕೊಂಬೆಗಳನ್ನು ನೋಡಿಕೊಳ್ಳುತ್ತಿದ್ದೆ. ಗುಂಡಿ ತೋಡಿ ಎಲ್ಲ ಮುಚ್ಚುತ್ತಿದ್ದೆವು. ದಾರಿಯಲ್ಲಿ ಹೋಗುವವರು ಕೇಳಿದರೆ ‘ಹುಳ ಬಿದ್ದಿದೆ’ ಎನ್ನುತ್ತಿದ್ದೆವು. ಮೇಲಧಿಕಾರಿಯೊಬ್ಬರು ಜೀಪು ನಿಲ್ಲಿಸಿ, ಹುಳ ಯಾವುದು ಎಂದು ವಿಚಾರಿಸಿದಾಗ ಅಣ್ಣ ತಬ್ಬಿಬ್ಬಾದ. ಅತ್ತಿಗೆ ಮುಂದೆ ಬಂದು, ‘ಹೆಸರು ಹೇಳಿದ್ರೆ ಹೆಚ್ಚಾಗುತ್ತೆ ಸಾರ್’ ಎಂದರು. ಅವರು ಗಂಭೀರವಾಗಿ ತಲೆಯಾಡಿಸಿ ಹೊರಟುಹೋದರು.

ಎಷ್ಟು ವರ್ಷ ಹೀಗೆ? ಅದಕ್ಕೂ ಒಂದು ಲೆಕ್ಕವಿತ್ತು. ಬಂಡೆಗಳ ಬಿರುಕಿನಲ್ಲಿ ಮುದುಕರ ನಿಜವಾದ ಮಕ್ಕಳು ಎದ್ದಿದ್ದವು, ಇಪ್ಪತ್ತರ ಮೇಲೆ. ಒಂದೊಂದೂ ಮೊಣಕಾಲೆತ್ತರ. ಅವು ಆಳೆತ್ತರಕ್ಕೆ ಬಂದ ದಿನ ಅಳಿಯಂದಿರನ್ನು ಬುಡಕ್ಕೆ ಕಡಿದು, ಯಾರ ಹಂಗೂ ಇಲ್ಲದೆ ಐವತ್ತು ತೋರಿಸಬಹುದು. ಹದಿನೈದು ವರ್ಷ ಬೇಕು ಎಂದುಕೊಂಡೆವು. ಅಣ್ಣ ಒಂದೊಂದು ಸಸಿಯ ಸುತ್ತಲೂ ಕಲ್ಲು ಜೋಡಿಸಿ ಕಾಯುತ್ತಿದ್ದ. ಬೇಸಿಗೆಯಲ್ಲಿ ಅವು ಎಲೆ ಉದುರಿಸಿ ಬರೀ ಕಡ್ಡಿಯಾದಾಗ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ಲೋಟ ನೀರು ಹಾಕಲಾ ಎಂದು ಫೋನಿನಲ್ಲಿ ಕೇಳುತ್ತಿದ್ದ. ನಾನು ಗದರುತ್ತಿದ್ದೆ.

ವರ್ಷಗಳು ಉರುಳಿದವು. ಮಧ್ಯೆ ಎರಡು ಮುದುಕ ಮರ ತಾವಾಗಿ ಸತ್ತು, ಎಣಿಕೆ ಸರಿಯಾಗಿ ಐವತ್ತಕ್ಕೆ ನಿಂತಿತು. ಅಲ್ಲಿಗೆ ಅಳಿಯಂದಿರಲ್ಲಿ ಒಬ್ಬನನ್ನೂ ಮುಟ್ಟುವಂತಿರಲಿಲ್ಲ. ಅವರೋ ಪ್ರತಿ ವರ್ಷ ಇನ್ನೊಂದಿಷ್ಟು ಎತ್ತರ, ಇನ್ನೊಂದಿಷ್ಟು ಹೂ. ಅಣ್ಣ ಪ್ರತಿ ವರ್ಷ ಇನ್ನೊಂದಿಷ್ಟು ಮುದುಕ. ಅವನು ನಿವೃತ್ತನಾದ. ಬೀಳ್ಕೊಡುಗೆಯ ದಿನ ಕಚೇರಿಯ ಗೋಡೆಗೆ ಅವನ ಫೋಟೋ ಹಾಕಿದರು, ಕೊನೆತೋಪು ಉಳಿಸಿದವನು ಎಂದು. ಹೊಸ ಫಾರೆಸ್ಟರ್ ಚಿಕ್ಕ ವಯಸ್ಸಿನವನು, ಕಾಲೇಜಿನಲ್ಲಿ ಕಾಡಿನ ವಿಷಯವನ್ನೇ ಓದಿದವನು, ಮಾತಿನಲ್ಲಿ ಸಕ್ಕರೆಯಂಥವನು. ‘ನೀವು ಯಾವಾಗ ಬೇಕಾದ್ರೂ ಬನ್ನಿ, ತೋಪು ನಿಮ್ಮದೇ’ ಎಂದು ಅಣ್ಣನಿಗೆ ಬೇಲಿಯ ಬೀಗದ ಕೈ ಕೊಟ್ಟ.

ತೋಪು ತುಂಬ ಮೊಗ್ಗು ಬಿಟ್ಟ ವರ್ಷ ಅದು. ಹಾಗೆ ಬಿಟ್ಟ ವರ್ಷವೇ ಫಲ ಕಚ್ಚುವುದು. ಪರೀಕ್ಷಾಲಯದ ಕೆಲಸ ಬಿಡುವುದಿಲ್ಲ, ಎರಡು ದಿನ ತಡವಾಗಿ ಬರುತ್ತೇನೆ, ಅಲ್ಲಿಯವರೆಗೆ ಹತ್ತಬೇಡ ಎಂದು ಅಣ್ಣನಿಗೆ ಹೇಳಿದ್ದೆ. ಅವನು ಕಾಯಲಿಲ್ಲ.

ಅತ್ತಿಗೆ ಫೋನ್ ಮಾಡಿದರು. ‘ಬಿದ್ರು ಕಣೇ’ ಎಂದರು, ಅಷ್ಟೇ. ಆಸ್ಪತ್ರೆಗೆ ಓಡಿದೆ. ಸೊಂಟದ ಮೂಳೆ ಮುರಿದಿತ್ತು. ನೋವಿನ ಮದ್ದಿನ ಮಂಪರಿನಲ್ಲೇ ನನ್ನ ಕೈ ಹಿಡಿದು, ‘ಇನ್ನೂ ಎಂಟು ಬಾಕಿ ಪುಟ್ಟಿ, ಮೊಗ್ಗು ಬಿರಿಯೋಕೆ ಬಂದಿದೆ’ ಎಂದ. ನಾನು ದೋಟಿ ಹಿಡಿದು ಹೋದೆ. ತುದಿಯ ಕೊಂಬೆಗಳು ಎಟುಕಲಿಲ್ಲ. ಮರ ಹತ್ತುವವರನ್ನು ಹುಡುಕಿ, ಒಪ್ಪಿಸಿ ಕರೆತರುವ ಹೊತ್ತಿಗೆ ಎಂಟೂ ಮರ ಅರಳಿ ನಿಂತಿದ್ದವು. ತೋಪಿನ ತುಂಬ ಜೇನುನೊಣಗಳ ಝೇಂಕಾರ. ಎಷ್ಟು ಚೆಂದ ಎಂದು ಬೇರೆ ಯಾರಾದರೂ ಅನ್ನುತ್ತಿದ್ದರೇನೋ. ನಾನು ದೋಟಿ ಬಿಸಾಕಿ ಬಂದೆ.

ಹೋಗಲಿ, ಒಂದು ವರ್ಷದ ಬೀಜ ಹಾಳಾಯಿತು, ಬಂಡೆಯ ಬಿರುಕಿನ ಮಕ್ಕಳಿದ್ದಾವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವು ಆಗಲೇ ಎದೆಯೆತ್ತರಕ್ಕೆ ಬಂದಿದ್ದವು.

ಬೀಜ ಬಲಿಯುವ ಚಳಿಗಾಲಕ್ಕೆ ಮತ್ತೆ ಹೋದೆ. ಹೊಸ ಫಾರೆಸ್ಟರ್ ಬೇಲಿಯ ಹತ್ತಿರವೇ ಕಾದಿದ್ದ. ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

‘ಬನ್ನಿ ಮೇಡಂ, ತೋಪನ್ನ ಹೇಗೆ ಮಾಡಿದೀನಿ ನೋಡಿ. ಅಣ್ಣನವ್ರು ಎದ್ದು ಬಂದ್ರೆ ಖುಷಿಯಾಗ್ಬೇಕು.’

ತೋಪು ಗುಡಿಸಿದ ಅಂಗಳದ ಹಾಗಿತ್ತು. ಅಳಿಯಂದಿರು ಹದಿನಾಲ್ಕು ಮಂದಿಗೂ ಬಿಳಿ ಬಣ್ಣದ ಪಟ್ಟಿ ಬಳಿದಿದ್ದ. ‘ಇವು ತಾಯಿಮರಗಳು ಅಂತ ಗುರುತು ಮಾಡಿದೀನಿ. ಇಡೀ ತೋಪಲ್ಲಿ ಒಳ್ಳೆ ಮೈಕಟ್ಟು ಇರೋದು ಇವಕ್ಕೇ. ಈ ವರ್ಷದಿಂದ ಬೀಜ ಇವುಗಳಿಂದ ಮಾತ್ರ. ಆರು ಜಿಲ್ಲೆಯಿಂದ ಕೇಳಿದಾರೆ ಮೇಡಂ, ಬರ ತಡೆಯೋ ಬೀಜ ಬೇಕು ಅಂತ.’

‘ಬಂಡೆ ಹತ್ರ ಸಸಿಗಳಿದ್ವಲ್ಲ?’ ಎಂದೆ.

‘ಆ ಕುರುಚಲಾ? ಎಲೆ ಇಲ್ಲದೆ ಒಣಗಿ ನಿಂತಿದ್ವು ಬೇಸಿಗೇಲಿ. ಬೆಂಕಿ ಬಿದ್ರೆ ಕಷ್ಟ ಅಂತ ಬುಡಸಮೇತ ಕೀಳಿಸಿ ಸುಡಿಸಿದೆ. ಬೇರು ಎಷ್ಟು ಆಳಕ್ಕೆ ಹೋಗಿತ್ತು ಅಂತೀರಾ, ಹಾರೆ ಹಾಕಿ ಎಬ್ಬಿಸ್ಬೇಕಾಯ್ತು.’

ಅಣ್ಣ ಜೋಡಿಸಿದ್ದ ಕಲ್ಲುಗಳು ಮಾತ್ರ ದುಂಡಗೆ ಹಾಗೇ ಇದ್ದವು, ನಡುವೆ ಹಾರೆ ಬಿದ್ದ ಬರಿ ಕುಳಿ. ಆ ಹುಡುಗನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಯಾವ ತಪ್ಪಿಗೆ ಬಾರಿಸಲಿ? ನಮ್ಮ ಗುಟ್ಟು ಅವನಿಗೆ ಯಾರು ಹೇಳಿದ್ದರು? ಗೊತ್ತಿಲ್ಲದವನ ಕಣ್ಣಿಗೆ ಎಲ್ಲವೂ ಹಾಗೇ ಕಾಣುತ್ತದೆ. ಅವನು ಪುಸ್ತಕದಲ್ಲಿ ಓದಿದ್ದನ್ನೇ ಶ್ರದ್ಧೆಯಿಂದ ಮಾಡಿದ್ದ. ಇನ್ನು ಕಾಯುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಸುಮ್ಮನಿದ್ದರೆ ಅಳಿಯಂದಿರ ಬೀಜ ಕೊನೆತೋಪಿನ ಹೆಸರಿನಲ್ಲಿ ಆರು ಜಿಲ್ಲೆಗೆ ಹೋಗುತ್ತಿತ್ತು, ಅಲ್ಲಿ ಮೊದಲ ಬರಕ್ಕೇ ಒಣಗುತ್ತಿತ್ತು. ಹೇಳಿಬಿಟ್ಟೆ. ಎಲ್ಲವನ್ನೂ, ಮೊದಲಿನಿಂದ.

ಅವನು ಹತ್ತಿರದ ಮರದ ಬಿಳಿ ಪಟ್ಟಿಯ ಮೇಲೆ ಕೈಯಾಡಿಸಿದ. ಆಮೇಲೆ ಮೆಲ್ಲಗೆ, ‘ಇದನ್ನ ನೀವು ನಂಗೆ ಹೇಳ್ಬಾರ್ದಿತ್ತು ಮೇಡಂ’ ಎಂದ. ‘ಕೇಳಿಸ್ಕೊಂಡ ಮೇಲೆ ನಾನು ಸುಮ್ನಿರೋ ಹಾಗಿಲ್ಲ.’

ಸುಮ್ಮನಿರಲಿಲ್ಲ. ಪ್ರಾಮಾಣಿಕ ಮನುಷ್ಯ, ಇದ್ದದ್ದನ್ನು ಇದ್ದ ಹಾಗೆ ಮೇಲಕ್ಕೆ ತಿಳಿಸಿದ. ಉತ್ತರ ಬರುವುದರೊಳಗೆ ನಾನು ದೋಟಿ ಹಿಡಿದು ಮುದುಕ ಮರಗಳಿಂದ ಎಟುಕಿದಷ್ಟು ಬೀಜ ಇಳಿಸಿಕೊಂಡೆ, ಅರ್ಧ ಮೂಟೆ. ಆಮೇಲೆ ಮೂರೇ ವಾರದಲ್ಲಿ ಆಗಬೇಕಾದ್ದೆಲ್ಲ ಆಯಿತು. ಅಳಿಯಂದಿರನ್ನು ಕಡಿದರು. ಉಳಿದದ್ದು ಮೂವತ್ತಾರು, ಪಟ್ಟಿಯಿಂದ ತೋಪಿನ ಹೆಸರು ತೆಗೆದರು. ಬೋರ್ಡನ್ನೂ ಕಿತ್ತುಕೊಂಡು ಹೋದರು. ಕಚೇರಿಯ ಗೋಡೆಯ ಫೋಟೋ ಇಳಿಸಿ, ಜವಾನನ ಕೈಯಲ್ಲಿ ಅಣ್ಣನ ಮನೆಗೆ ಕಳಿಸಿದರು. ಅದನ್ನು ತೆಗೆದುಕೊಂಡವರು ಅತ್ತಿಗೆ.

‘ನಿನ್ನ ಮಾತು ಕೇಳಿ ಮರ ಹತ್ತಿ ಸೊಂಟ ಮುರ್ಕೊಂಡ್ರು’ ಎಂದರು ನಾನು ಹೋದಾಗ. ‘ಈಗ ನಿನ್ನ ಬಾಯಿಂದ್ಲೇ ಮರ್ಯಾದೆನೂ ಹೋಯ್ತು. ಇನ್ನೇನಾದ್ರೂ ಉಳಿದಿದ್ಯಾ, ನೋಡ್ಕೊಂಡು ಹೋಗು.’

ಒಂದು ಉಳಿದಿತ್ತು, ಆ ಅರ್ಧ ಮೂಟೆ ಬೀಜ. ಅದರಲ್ಲಿ ಕೆಲವಕ್ಕೆ ತಾಯಿ ತಂದೆ ಇಬ್ಬರೂ ಮುದುಕರೇ. ಉಳಿದವಕ್ಕೆ ತಂದೆ ಅಳಿಯ. ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಸುಳ್ಳು ಎಣಿಕೆಯೆಂದು ಪಟ್ಟಿಯಿಂದ ತೆಗೆದ ತೋಪಿನ ಬೀಜವನ್ನು ನಮ್ಮ ಪರೀಕ್ಷಾಲಯ ಮುಟ್ಟುವಂತಿಲ್ಲ. ನನ್ನ ಬಾಡಿಗೆ ಮನೆಗೆ ಬಿಸಿಲೇ ಬೀಳುವುದಿಲ್ಲ. ಹಾಗಾಗಿ ಅಣ್ಣನ ಹಿತ್ತಿಲಲ್ಲೇ, ಕಾಂಪೌಂಡಿಗೆ ಒತ್ತಿ, ಸಾಲುಸಾಲು ಚೀಲಗಳಲ್ಲಿ ಬಿತ್ತಿದೆ. ಅತ್ತಿಗೆ ಮುಖ ಗಂಟು ಹಾಕಿಕೊಂಡೇ ಜಾಗ ಬಿಟ್ಟುಕೊಟ್ಟರು.

ಮೊದಲ ಬೇಸಿಗೆ, ಮೊಳಕೆಗಳು ಇನ್ನೂ ಎಳೆಯವು, ನೀರು ಹಾಕಲೇಬೇಕಿತ್ತು. ಆಮೇಲಿನ ಮಳೆಗಾಲ, ಚಳಿಗಾಲ ಎಲ್ಲವೂ ಚೆನ್ನಾಗಿ ಕಳೆಯಿತು. ಅಣ್ಣ ನಾಲ್ಕು ಕಾಲಿನ ವಾಕರ್ ಹಿಡಿದು ಹಿತ್ತಿಲಿಗೆ ಬಂದು, ಕುರ್ಚಿಯಲ್ಲಿ ಕೂತು, ಕ್ಯಾನಿನಿಂದ ಚೀಲಚೀಲಕ್ಕೂ ನೀರು ಹನಿಸುತ್ತಿದ್ದ. ಅವನ ಮುಖಕ್ಕೆ ಮತ್ತೆ ರಕ್ತ ಬಂದಿತ್ತು. ಎರಡನೇ ಬೇಸಿಗೆ ಶುರುವಾಗುತ್ತಲೇ ನಾನು ಬಂದು ಹೇಳಿದೆ, ಇನ್ನು ಸಾಕು. ಇವತ್ತಿನಿಂದ ಒಂದು ಹನಿ ಹಾಕಬಾರದು. ಅಳಿಯಂದಿರ ಕಡೆಯ ಸಸಿಗಳು ಹಸಿರೆಲೆ ಹಿಡಿದುಕೊಂಡೇ ಬಾಡಿ ಸಾಯುತ್ತವೆ. ನಮ್ಮವು ಎಲೆ ಉದುರಿಸಿ ಕಡ್ಡಿಯಾಗಿ ಮಲಗುತ್ತವೆ, ಮಳೆಗೆ ಏಳುತ್ತವೆ. ಎದ್ದಷ್ಟೂ ನಮ್ಮವು. ಹತ್ತು ಎದ್ದರೂ ಸಾಕು, ಎಲ್ಲಾದರೂ ಒಂದು ಬಂಡೆ ಹುಡುಕಿ ನೆಡೋಣ.

‘ಮಲಗಿದ ಬೇರಿಗೆ ನೀರು ಹೋಗ್ಬಾರ್ದು ಅಣ್ಣ. ಹೋದ್ರೆ ಕೊಳೆಯುತ್ತೆ.’

‘ಗೊತ್ತಮ್ಮ ಗೊತ್ತು. ನಂಗೇ ಪಾಠ ಹೇಳೋಕೆ ಬಂದೆಯಾ?’ ಎಂದು ಅಣ್ಣ ನಕ್ಕ.

ಬೇಸಿಗೆಯ ನಡುವೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋದೆ. ಬಸ್ಸಿನಿಂದ ಇಳಿದಾಗಲೇ ಗುಡ್ಡ ನೋಡಿದೆ. ಬೆನ್ನು ಬೋಳಾಗಿತ್ತು, ಬಿಳೀ ಕಲ್ಲು ಬಾಯಿ ಬಿಟ್ಟುಕೊಂಡಿತ್ತು. ಈ ದಿನ ಬರುತ್ತದೆಂದು ಗೊತ್ತೇ ಇತ್ತು. ಮನೆ ಸೇರಿ, ಮುಂಬಾಗಿಲು ಬಡಿಯದೆ, ಪಕ್ಕದ ಓಣಿಯಿಂದ ನೇರ ಹಿತ್ತಿಲಿಗೆ ಹೋದೆ.

ಅಣ್ಣ ಕುರ್ಚಿಯಲ್ಲಿದ್ದ. ತೊಡೆಯ ಮೇಲೆ ಕ್ಯಾನು. ಚೀಲಗಳ ಮಣ್ಣು ಕಪ್ಪಗೆ ಒದ್ದೆ. ಸಾಲಿನಲ್ಲಿ ಅರ್ಧಕ್ಕರ್ಧ ಸಸಿಗಳು ಬೇಸಿಗೆಯ ನಡುವೆ ಎಣ್ಣೆ ಹಚ್ಚಿದಂಥ ಎಲೆ ಬಿಟ್ಟು ನಿಗುರಿ ನಿಂತಿದ್ದವು. ಮಿಕ್ಕವು ಕಡ್ಡಿಗಳು. ಕಡ್ಡಿಗಳಿದ್ದ ಚೀಲಗಳಲ್ಲೇ ನೀರು ಹೆಚ್ಚು ನಿಂತಿತ್ತು.

‘ನೋಡು ಪುಟ್ಟಿ, ಎಷ್ಟೊಂದು ಉಳಿಸ್ಕೊಂಡಿದೀನಿ’ ಎಂದ.

ನಾನು ಬಗ್ಗಿ ಒಂದು ಚೀಲದ ಮಣ್ಣಿಗೆ ಬೆರಳಿಟ್ಟೆ. ಅವನೇ ಹೇಳಿದ. ‘ಬಾಡೋವರೆಗೂ ನೋಡ್ಕೊಂಡು ಕೂತಿದ್ದೆ ಕಣೇ, ಆಣೆ ಮಾಡಿ ಹೇಳ್ತೀನಿ, ಒಂದು ಹನಿ ಹಾಕ್ಲಿಲ್ಲ. ಅವತ್ತು ಗುಡ್ಡದಲ್ಲಿ ಮದ್ದು ಸಿಡೀತು, ಕಿಟಕಿ ಎಲ್ಲಾ ನಡುಗ್ತು. ಕೊನೇ ಮರಾನೂ ಉರುಳ್ತು ಅಂತ ಪಕ್ಕದ ಮನೆಯವ್ರು ಬಂದು ಹೇಳಿದ್ರು. ತಿರುಗಿ ನೋಡ್ತೀನಿ, ಇಲ್ಲಿ ಅರ್ಧ ಬಾಡಿದ್ವು, ಅರ್ಧ ಬರೀ ಕಡ್ಡಿ. ಇವೂ ಹೋದ್ರೆ ಇನ್ನೇನಿದೆ ನಮಗೆ? ನನ್ನ ಕೈಲಿ ಆಗ್ಲಿಲ್ಲ. ಕಡ್ಡಿಗಳಿಗೆ ಒಂದೊಂದು ಚೊಂಬು ಜಾಸ್ತೀನೇ ಹಾಕ್ತಿದೀನಿ. ಇನ್ನೂ ಚಿಗುರಿಲ್ಲ, ಚಿಗುರ್ತವೆ.’

ಒಂದು ಕಡ್ಡಿಯನ್ನು ಹಿಡಿದು ಎಳೆದೆ. ಸುಲಭವಾಗಿ ಕೈಗೆ ಬಂತು. ಮೊಳದುದ್ದದ ಬೇರು ಕಪ್ಪಾಗಿ, ಮೆತ್ತಗೆ, ಹಳೇ ಸುತಲಿ ದಾರದ ಹಾಗೆ ಸಿಪ್ಪೆ ಬಿಡುತ್ತಿತ್ತು. ನಾತ ಬಂತು. ಇನ್ನೊಂದನ್ನು ಕಿತ್ತೆ, ಮತ್ತೊಂದನ್ನು ಕಿತ್ತೆ. ಹೀಗೆ ಸಾಲಿನ ತುದಿಯವರೆಗೂ ಹೋದೆ. ಅಣ್ಣ ನೋಡುತ್ತಿದ್ದ. ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು, ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರು.

ನಾನು ಮರದ ವಿಷಯದಲ್ಲಿ ಅವನಿಗೆ ಸುಳ್ಳು ಹೇಳಿದವಳಲ್ಲ. ‘ಇವು ಮಲಗಿದ್ವು ಅಣ್ಣ’ ಎಂದೆ. ‘ಇವೇ ನಮ್ಮವು. ಎಲ್ಲಾ ಕೊಳೆತು ಹೋಗಿವೆ.’

‘ಹಸಿರಿರೋವು?’

‘ಅಳಿಯಂದಿರ ಮಕ್ಕಳು.’

‘ಹೇಳ್ಲೇಬೇಕಿತ್ತಾ?’ ಎಂದರು ಅತ್ತಿಗೆ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ‘ಅವ್ರಿಗೆ ಕ್ಯಾನು ತುಂಬಿಸಿ ಕೊಟ್ಟಿದ್ದು ನಾನು. ನನ್ನ ಬೈ, ಅವ್ರನ್ನ ಬಿಡು.’

ಯಾರನ್ನೂ ಬೈಯಲಿಲ್ಲ. ಬೈಯುವಷ್ಟು ಕೋಪ ಇತ್ತು, ಈಗಲೂ ಇದೆ. ಅವನು ಆ ಕಡ್ಡಿಗಳನ್ನೆಲ್ಲ ನನ್ನ ಕೈಯಿಂದ ತೆಗೆದುಕೊಂಡ, ತೊಡೆಯ ಮೇಲೆ ಇಟ್ಟುಕೊಂಡು ಬೇರುಗಳನ್ನು ಬೆರಳಿನಿಂದ ನೇರ ಮಾಡಿದ. ಮಾಡುತ್ತಲೇ ಇದ್ದ. ನಾನು ತಪ್ಪು ಕಂಡಿದ್ದೇನೇನೋ ಎಂದು ಒಂದೊಂದನ್ನೂ ಮೂಸಿ ನೋಡಿದ. ನಿವೃತ್ತನಾಗುವವರೆಗೂ ಸಸಿ ಮುಟ್ಟಿದ ಕೈ, ಅದಕ್ಕೆ ಗೊತ್ತಾಗದೆ ಇರುತ್ತದೆಯೇ?

ಕೊನೆಗೆ ಹಸಿರು ಸಾಲಿನ ಕಡೆ ಕಣ್ಣೆತ್ತಿದ. ಬಿಸಿಲು ಏರಿತ್ತು, ಎಲೆಗಳು ತುದಿಯಲ್ಲಿ ಜೋಲತೊಡಗಿದ್ದವು.

‘ಇವುಗಳ ತಾಯಿ ನಮ್ಮವಳೇ ಅಲ್ವಾ ಪುಟ್ಟಿ?’

‘ತಾಯಿ ನಮ್ಮವಳೇ. ಬಿಸಿಲು ಮಾತ್ರ ತಡೆಯಲ್ಲ. ನೀರು ಹಾಕಿದಷ್ಟು ದಿನ ಇರ್ತವೆ.’

‘ಹಾಗಾದ್ರೆ ಕ್ಯಾನು ತಗೊಂಡ್ಹೋಗು’ ಎಂದ. ‘ಖಾಲಿಯಾಗಿದೆ, ತುಂಬಿಸ್ಕೊಂಡ್ ಬಾ.’

ನಲ್ಲಿಯ ಹತ್ತಿರ ಹೋಗಿ ತುಂಬಿಸಿ ತಂದು ಅವನ ಕೈಗೆ ಕೊಟ್ಟೆ.